ಗೌರಮ್ಮನ ಎರಡನೇ ತಟ್ಟೆ

ನಮ್ಮೂರಿನ ಇತವಾರಿಯ ಕಾಳಿನ ಪೇಟೆ ಮುಗಿದು ರೈಲ್ವೆ ಕ್ವಾರ್ಟರ್ಸಿನ ಕಡೆ ಹೊರಳುವಲ್ಲಿ ಆಗ ಒಂದು ಬಾವಿ ಇತ್ತು. ಈಗ ಮುಚ್ಚಿದ್ದಾರೆ. ೧೯೫೪ರ ಚಳಿಗಾಲ. ಒಂದು ಬುಧವಾರ, ರಾತ್ರಿ ಹನ್ನೆರಡು ದಾಟಿತ್ತು. ನನ್ನ ಸೋದರತ್ತೆಯ ಮಗ ಉಮಾಕಾಂತಣ್ಣ ಕೆಲಸ ಮುಗಿಸಿ ಒಬ್ಬನೇ ಮನೆಗೆ ಬರುತ್ತಿದ್ದ. ಹಗಲೆಲ್ಲ ಕೈಗಾಡಿಗಳ ಗದ್ದಲ ತುಂಬಿರುವ ಬೀದಿ... ಆ ಹೊತ್ತಿಗೆ ಒಂದು ನಾಯಿಯೂ ಇರಲಿಲ್ಲ. ಬಾವಿಯ ರಾಟೆ ಗಾಳಿಗೆ ಕಿರ್ರ್... ಕಿರ್ರ್... ಅನ್ನುತ್ತಿತ್ತು. ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಹೆಂಗಸು. ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದಳು.

ಇವನು ತಲೆ ತಗ್ಗಿಸಿ ದಾಟಿದ. ಹತ್ತು ಹೆಜ್ಜೆ ಹೋಗಿದ್ದಾನೆ... ಹಿಂದಿನಿಂದ ಪಿಸುದನಿ.

"ತಮ್ಮಾ... ಯಂತ್ರ ಇನ್ನೂ ಬಿಸಿ ಐತೇನು?"

ಉಮಾಕಾಂತಣ್ಣ ಹೊರಳಿ ನೋಡಿದ. ಆ ಹೆಂಗಸು ಗೌರಮ್ಮ. ಎರಡು ದಿನದ ಹಿಂದೆ, ಸೋಮವಾರ ಸಂಜೆ, ಅವಳ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ.

ನೀವು ನಗುತ್ತೀರಿ, ಗೊತ್ತು. ದೆವ್ವದ ಕತೆ ಅಂದಮೇಲೆ ಬಾವಿ ಬೇಕೇ ಬೇಕಲ್ಲ ಅನ್ನುತ್ತೀರಿ. ಏನು ಮಾಡಲಿ, ಅವಳು ಕೂತಿದ್ದು ಅಲ್ಲೇ. ನಮ್ಮ ಮನೆತನದಲ್ಲಿ ಸುಳ್ಳು ಹೇಳುವವರಿಗೆ ಬರವಿಲ್ಲ, ನಾನೇ ಒಪ್ಪುತ್ತೇನೆ. ಆದರೆ ಉಮಾಕಾಂತಣ್ಣ ಆ ಪೈಕಿ ಅಲ್ಲ. ಎಂಬತ್ತು ವರ್ಷ ಬದುಕಿದ, ಹೇಳಿದ ಸುಳ್ಳು ಒಂದೇ. ಅದನ್ನು ಹೇಳಿದ್ದು ಅದೇ ಬುಧವಾರ ಮಧ್ಯಾಹ್ನ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇತವಾರಿಯಲ್ಲಿ ಒಂದು ಕಾಳಿನ ಗೋದಾಮಿನ ಮಹಡಿಯ ಮೇಲೆ ಗುರುಸಿದ್ದಪ್ಪ ಅನ್ನುವವರು ಗ್ರಾಮಫೋನ್ ರೆಕಾರ್ಡಿನ ಕಂಪನಿ ಇಟ್ಟಿದ್ದರು. ಕಂಪನಿ ಅಂದರೆ ಒಂದೇ ಕೋಣೆ, ಒಂದೇ ಯಂತ್ರ. ರೆಕಾರ್ಡಿನ ಮೇಲೆ ಪಾರಿವಾಳದ ಚಿತ್ರ ಇರುತ್ತಿದ್ದರಿಂದ ಊರವರು ಕಬೂತರ್ ಛಾಪ್ ಅನ್ನುತ್ತಿದ್ದರು. ಗುರುಸಿದ್ದಪ್ಪನವರು ಧಾರವಾಡದ ಕಡೆಯವರು, ಪಕ್ಕದ ಕಾಮಠಿಯ ಮಿಲಿಟರಿಯಲ್ಲಿ ವೈರ್‌ಲೆಸ್ ಮೆಕ್ಯಾನಿಕ್ ಆಗಿದ್ದವರು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಆ ಯಂತ್ರ ಹಿಡಿದಿದ್ದರು. ಉಮಾಕಾಂತಣ್ಣ ಅಲ್ಲಿ ಉಮೇದವಾರ. ಅಂದರೆ ಆರು ತಿಂಗಳು ಬಿಟ್ಟಿ ದುಡಿದು ಕೆಲಸ ಕಲಿಯುವುದು, ಮೆಚ್ಚಿಗೆಯಾದರೆ ಆಮೇಲೆ ನೌಕರಿ. ಐದು ತಿಂಗಳು ಮುಗಿದಿತ್ತು.

ಹಗಲು ಬೀದಿಯ ಗದ್ದಲ, ಹಾಗಾಗಿ ಹಾಡು ಹಿಡಿಯುವುದೆಲ್ಲ ರಾತ್ರಿ ಹನ್ನೊಂದರ ಮೇಲೆ. ಗೋಡೆಗೆಲ್ಲ ಗೋಣಿಚೀಲ ಕಟ್ಟಿದ್ದರು. ಉಮೇದವಾರನ ಮೊದಲ ಕೆಲಸ ಗೋಡೆಯ ಗಡಿಯಾರ ನಿಲ್ಲಿಸುವುದು. ಅದರ ಟಿಕ್ ಟಿಕ್ ಕೂಡ ಹಾಡಿನೊಳಗೆ ಸೇರುತ್ತದಲ್ಲ. ಕರಿ ಲೇಪದ ಅಲ್ಯುಮಿನಿಯಂ ತಟ್ಟೆಯ ಮೇಲೆ ಯಂತ್ರದ ಮುಳ್ಳು ಹಾಡನ್ನು ಕೊರೆಯುತ್ತಾ ಹೋಗುತ್ತದೆ... ಸಿರ್ರ್... ಅಂತ. ಕೊರೆದಂತೆಲ್ಲ ತಲೆಗೂದಲಿನಂಥ ಕಪ್ಪು ಎಳೆ ಏಳುತ್ತದೆ. ಅದನ್ನು ಮೆತ್ತಗಿನ ಕುಂಚದಿಂದ ಸರಿಸಿ ನೀರಿನ ಬಕೀಟಿಗೆ ಹಾಕಬೇಕು. ಬೆಂಕಿ ತಾಗಿದರೆ ಭಗ್ ಅಂತ ಹೊತ್ತಿಕೊಳ್ಳುವ ಎಳೆ ಅದು.

ಇನ್ನೊಂದು ಕಟ್ಟಳೆ ಇತ್ತು. ಎಲ್ಲಕ್ಕಿಂತ ದೊಡ್ಡದು. ಕೊರೆದ ತಟ್ಟೆಯನ್ನು ಗ್ರಾಮಫೋನಿಗೆ ಹಾಕಿ ಕೇಳಬಾರದು. ಲೇಪ ಮೆತ್ತಗಿರುತ್ತದೆ, ಉಕ್ಕಿನ ಸೂಜಿ ಉತ್ತುಬಿಡುತ್ತದೆ. ಅದು ಹಾಗೇ ಕಲ್ಕತ್ತೆಗೆ ಹೋಗಿ, ಅಲ್ಲಿ ಅಚ್ಚಾಗಿ, ರೆಕಾರ್ಡಾಗಿ ಬಂದಮೇಲೇ ಹಾಡಿದ್ದೇನು ಅನ್ನುವುದು ಗೊತ್ತಾಗಬೇಕು. ಗುರುಸಿದ್ದಪ್ಪನವರು ಇದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಗೌರಮ್ಮ ಕಾಮಠಿಯಲ್ಲಿ ಒಬ್ಬ ಗುತ್ತಿಗೆದಾರರ ಮನೆಯಲ್ಲಿ ಅಡಿಗೆಯವಳು. ಗಂಡ ಸತ್ತಾಗ ಮೂರು ತಿಂಗಳ ಮಗಳನ್ನು ಗದಗಿನ ತಂಗಿಯ ಮಡಿಲಿಗೆ ಹಾಕಿ, ದುಡಿಮೆ ಹುಡುಕಿಕೊಂಡು ಬಂದವಳು. ಮತ್ತೆ ಹೋಗಲಾಗಲಿಲ್ಲ. ಮಗಳು ಅನಸೂಯ ಇಪ್ಪತ್ತು ವರ್ಷದವಳಾಗಿ ಒಂದು ಪತ್ರ ಬರೆದಳು. ನೀನು ನನ್ನ ತಾಯಿ ಅಂತಾರೆ, ನಿನ್ನ ಧ್ವನಿ ಹೇಗಿದೆ ಅನ್ನುವುದೂ ನನಗೆ ಗೊತ್ತಿಲ್ಲ ಅಂತ. ಅದೇ ಹೊತ್ತಿಗೆ ಗೌರಮ್ಮನ ಗಂಟಲಿಗೆ ಗಡ್ಡೆ. ಸೋಮವಾರ ಆಪರೇಶನ್, ಆಮೇಲೆ ಧ್ವನಿ ಇರುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಓದುಬರಹ ಬಾರದ ಹೆಂಗಸು. ತಾನೇ ಕಟ್ಟಿದ ಒಂದು ಜೋಗುಳವನ್ನು ತಟ್ಟೆಗೆ ಹಾಕಿಸಿ ಮಗಳಿಗೆ ಕಳಿಸಬೇಕು, ಇಷ್ಟೇ ಅವಳ ಆಸೆ. ಗುರುಸಿದ್ದಪ್ಪನವರು ಪುಕ್ಕಟೆ ಒಪ್ಪಿಕೊಂಡರು.

ಶುಕ್ರವಾರ ರಾತ್ರಿ ಬಂದಳು. ಎಡಗಾಲು ಎಳೆದು ನಡೆಯುತ್ತಿದ್ದಳು... ಟಪ್... ಸರ್ರ್... ಟಪ್... ಸರ್ರ್. ಯಂತ್ರದ ವಾಲ್ವುಗಳು ಕಾದು ಕೆಂಪಾಗಬೇಕು, ಅದಕ್ಕೆ ಹತ್ತು ನಿಮಿಷ. ರೊಟ್ಟಿ ಹಂಚಿನ ಮುಂದೆ ಕೂತ ಹಾಗೆ ಕೂತು ಮೂರು ಸಲ ಕೇಳಿದಳು, ಬಿಸಿ ಆಯಿತೇ ಅಂತ. ಆಮೇಲೆ ಹಾಡಿದಳು.

"ತೂಗದ ತೊಟ್ಟಿಲಿಗೆ ಹಗ್ಗ ಯಾತಕ ಕಟ್ಟಲಿ, ಕೈಬಿಟ್ಟ ಕಂದಗ ಹಾಡು ಯಾತಕ ಹೇಳಲಿ..."

ನಾಲ್ಕು ನುಡಿ. ಸಾಲಿಗೊಮ್ಮೆ ಉಸಿರು ಎಳೆದುಕೊಳ್ಳುವಾಗ ಆ ಗಡ್ಡೆಯ ಸಂದಿಯಿಂದ ಸುಂಯ್... ಅಂತ ಸದ್ದಾಗುತ್ತಿತ್ತು. ಇದು ತಟ್ಟೆಯ ಮೇಲೂ ಬೀಳುತ್ತದೆ ಅಂತ ಉಮಾಕಾಂತಣ್ಣ ಸನ್ನೆ ಮಾಡಿದ. ಗುರುಸಿದ್ದಪ್ಪನವರು ತಲೆಯಾಡಿಸಿದರು. ಮುಗಿದ ಮೇಲೆ ಅಂದರು, "ಇರಲಿ ಬಿಡು. ಉಸಿರೂ ಅಕೀದ ಅಲ್ಲೇನು."

ಅವತ್ತು ಯಂತ್ರ ನಡೆಸಿದ್ದು ಉಮಾಕಾಂತಣ್ಣನೇ, ಮೊದಲ ಸಲ. ಗುರುಸಿದ್ದಪ್ಪನವರು ಗೌರಮ್ಮನನ್ನು ಟಾಂಗಾಕ್ಕೆ ಹತ್ತಿಸಲು ಕೆಳಗೆ ಹೋದರು. ಇವನೊಬ್ಬನೇ. ಸರಿಯಾಗಿ ಬಂದಿದೆಯೋ ಇಲ್ಲವೋ... ಒಂದೇ ಸಾಲು ಕೇಳಿದರೆ ಏನಾದೀತು? ತಟ್ಟೆಯನ್ನು ಗ್ರಾಮಫೋನಿಗೆ ಹಾಕಿದ. ಮೊದಲ ಸಾಲು ಚೆನ್ನಾಗಿ ಬಂತು. ಎರಡನೆಯದರಲ್ಲಿ ಕರ್... ಕರ್... ಸೂಜಿಯ ಕೆಳಗಿಂದ ಬೂದಿಯಂಥ ಪುಡಿ ಎದ್ದಿತು. ಗಾಬರಿಯಲ್ಲಿ ಎತ್ತಲು ಹೋದ, ಕೈ ಜಾರಿತು. ಸೂಜಿ ಅಂಚಿನಿಂದ ನಡುವಿನವರೆಗೆ ಸರಕ್ಕನೆ ಗೀರಿ ನಿಂತಿತು.

ಶನಿವಾರ ಹೇಳಬಹುದಿತ್ತು. ಭಾನುವಾರ ಹೇಳಬಹುದಿತ್ತು. ಗೌರಮ್ಮ ಇನ್ನೂ ಇದ್ದಳು, ಧ್ವನಿಯೂ ಇತ್ತು, ಕರೆದಿದ್ದರೆ ಮತ್ತೆ ಬಂದು ಹಾಡುತ್ತಿದ್ದಳು. ನೌಕರಿ ಕೈತಪ್ಪುತ್ತದೆ ಅಂತ ಹೆದರಿ, ತಟ್ಟೆಯನ್ನು ಚೀಲಕ್ಕೆ ಹಾಕಿ ಸುಮ್ಮನಿದ್ದ. ನನ್ನ ಅಣ್ಣ ಅಂತ ನಾನು ಮುಚ್ಚಿಡುವುದಿಲ್ಲ, ಅದು ಹೇಡಿತನ. ಸೋಮವಾರ ಗೌರಮ್ಮ ಆಪರೇಶನ್ ಮೇಜಿನ ಮೇಲಿಂದ ಏಳಲಿಲ್ಲ.

ತಂತಿ ತಲುಪಿ ಅನಸೂಯ ಬಂದಿಳಿದಾಗ ಬುಧವಾರ. ಮುಖ ನೋಡುವುದೂ ಅವಳ ಪಾಲಿಗೆ ಇರಲಿಲ್ಲ. ನೆಟ್ಟಗೆ ಇತವಾರಿಗೆ ಬಂದಳು. ಗುರುಸಿದ್ದಪ್ಪನವರು ಹೊರಗೆ ಹೋಗಿದ್ದರು. ತಾಯಿ ಕೂತಿದ್ದ ಚಾಪೆ ಯಾವುದು ಅಂತ ಕೇಳಿ, ಅದರ ಮೇಲೆ ಕೂತು, ಅದನ್ನೇ ಕೈಯಿಂದ ಸವರುತ್ತಾ ಕೇಳಿದಳು.

"ಅವ್ವನ ಹಾಡು ಬರೋಬರ್ ಬಂದೈತಲ್ರೀ?"

"ಬಂದೈತ್ರಿ," ಅಂದ ಉಮಾಕಾಂತಣ್ಣ. "ಇನ್ನೊಂದು ತಿಂಗಳಿಗೆ ಕೇಳತೀರಿ."

ಅದೇ ಆ ಒಂದು ಸುಳ್ಳು. ಅವತ್ತು ರಾತ್ರಿಯವರೆಗೆ ಕಲ್ಕತ್ತೆಗೆ ಹೋಗುವ ತಟ್ಟೆಗಳನ್ನು ಪೆಟ್ಟಿಗೆಗೆ ಜೋಡಿಸಿದ. ಗೌರಮ್ಮನ ಜಾಗ ಖಾಲಿ ಬಿಟ್ಟ. ಬೀಗ ಹಾಕಿ ಹೊರಟ. ಬಾವಿಯ ಹತ್ತಿರ ಬಂದ...

"ತಮ್ಮಾ... ಯಂತ್ರ ಇನ್ನೂ ಬಿಸಿ ಐತೇನು?"

ಓಡಿಹೋಗಬಹುದಿತ್ತು. ಯಾಕೆ ಓಡಲಿಲ್ಲ ಅಂತ ನಾನು ಕೇಳಿದ್ದೆ. ಹೆದರಿಕೆಗಿಂತ ನಾಚಿಕೆ ದೊಡ್ಡದಾಗಿತ್ತು ಅಂದ.

"ಆರಿರಬೇಕು, ಮಾವಶಿ," ಅಂದ. "ಕಾಸತೇನಿ. ಬರ್ರಿ."

ತಿರುಗಿ ಇತವಾರಿಯ ಕಡೆ ನಡೆದ. ಹಿಂದೆ... ಟಪ್... ಸರ್ರ್... ಟಪ್... ಸರ್ರ್. ಇವನು ನಿಂತರೆ ಅದೂ ನಿಲ್ಲುತ್ತಿತ್ತು. ಹೊರಳಿ ನೋಡಲಿಲ್ಲ. ಗೋದಾಮಿಗೆ ಹದಿನಾಲ್ಕು ಮರದ ಮೆಟ್ಟಿಲು, ಒಂದೊಂದೂ ಕಿರುಗುಟ್ಟುತ್ತದೆ. ಇವನು ಎಣಿಸುತ್ತಾ ಹತ್ತಿದ. ಹದಿನಾಲ್ಕೇ ಸಲ ಕಿರುಗುಟ್ಟಿತು. ಹಿಂದೆ ಯಾರೂ ಹತ್ತಲಿಲ್ಲ. ಅಬ್ಬಾ, ಹೋದಳು ಅಂದುಕೊಂಡು ಬೀಗ ತೆಗೆದು ದೀಪ ಹಾಕಿದರೆ... ಗೌರಮ್ಮ ಆಗಲೇ ಚಾಪೆಯ ಮೇಲೆ ಕೂತಿದ್ದಳು.

ಹತ್ತು ನಿಮಿಷ. ವಾಲ್ವುಗಳು ಹೂಂ... ಅನ್ನುತ್ತಾ ಕೆಂಪಾದವು. ಉಳಿದಿದ್ದ ಒಂದೇ ಖಾಲಿ ತಟ್ಟೆಯನ್ನು ಯಂತ್ರಕ್ಕೆ ಹಾಕಿ ಮುಳ್ಳು ಇಳಿಸಿ ಕೈ ಎತ್ತಿದ, ಹಾಡಿ ಅನ್ನುವ ಹಾಗೆ.

ಗೌರಮ್ಮ ಬಾಯಿ ತೆರೆದಳು.

ಏನೂ ಕೇಳಲಿಲ್ಲ.

ತುಟಿ ಆಡುತ್ತಿತ್ತು. ಕೊರಳ ಬಟ್ಟೆ ಅಲುಗುತ್ತಿತ್ತು. ಕೋಣೆಯಲ್ಲಿದ್ದದ್ದು ಮುಳ್ಳಿನ ಸಿರ್ರ್... ಮತ್ತೆ ಗೋಡೆಯ ಗಡಿಯಾರ. ಟಿಕ್... ಟಿಕ್... ಅದನ್ನು ನಿಲ್ಲಿಸುವುದು ಮರೆತಿದ್ದ. ಈಗ ಏಳುವಂತೆಯೂ ಇಲ್ಲ. ಯಂತ್ರದ ಮೀಟರಿನ ಕಡೆ ಕಣ್ಣು ಹೋಯಿತು. ಮೈಕಿಗೆ ಸದ್ದು ಬಿದ್ದರೆ ಮಾತ್ರ ಆ ಮೀಟರಿನ ಕಡ್ಡಿ ಏಳುತ್ತದೆ. ಕಡ್ಡಿ ಏಳುತ್ತಿತ್ತು... ಇಳಿಯುತ್ತಿತ್ತು... ಏಳುತ್ತಿತ್ತು. ಯಾರೋ ಎದೆ ತುಂಬಿ ಹಾಡುತ್ತಿದ್ದ ಹಾಗೆ.

ಇವನು ಕುಂಚದಿಂದ ಕಪ್ಪು ಎಳೆ ಸರಿಸುತ್ತಾ ಕೂತ. ಕಡೆಗೆ ತುಟಿ ಮುಚ್ಚಿತು. ಮುಳ್ಳು ಎತ್ತಿದ.

"ಈ ಸಲ ಕೇಳಬ್ಯಾಡ, ತಮ್ಮಾ," ಅಂದಳು.

"ಇಲ್ಲ, ಮಾವಶಿ."

ತಲೆ ಎತ್ತಿದಾಗ ಚಾಪೆ ಇತ್ತು, ಅಷ್ಟೇ.

ಬೆಳಗಿನವರೆಗೂ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಎದುರಿಗೇ ಗ್ರಾಮಫೋನು. ಇದರಲ್ಲಿ ಹಾಡಿದೆಯೋ ಬರೀ ಗೀರಿದೆಯೋ, ಸೂಜಿ ಇಟ್ಟರೆ ಗೊತ್ತಾಗುತ್ತಿತ್ತು. ಇಡಲಿಲ್ಲ. ಗುರುಸಿದ್ದಪ್ಪನವರು ಬಂದಕೂಡಲೇ ಎಲ್ಲ ಹೇಳಿದ, ಹಾಳಾದ ಮೊದಲ ತಟ್ಟೆಯನ್ನೂ ಮುಂದಿಟ್ಟ. ಅವರು ಬೈಯಲಿಲ್ಲ. ಭೂತಗನ್ನಡಿ ಹಿಡಿದು ಎರಡನೇ ತಟ್ಟೆಯನ್ನು ಬಹಳ ಹೊತ್ತು ನೋಡಿದರು. ಮೌನ ಕೊರೆದಿದ್ದರೆ ಗೀರು ನೆಟ್ಟಗಿರಬೇಕು. ಇದರ ಗೀರುಗಳೆಲ್ಲ ಅಲೆಅಲೆಯಾಗಿದ್ದವು. ತಟ್ಟೆಯನ್ನು ಪೆಟ್ಟಿಗೆಯೊಳಗಿನ ಖಾಲಿ ಜಾಗಕ್ಕೆ ಇಟ್ಟು ಮೊಳೆ ಹೊಡೆದರು. ಸುಳ್ಳಿಗೆ ಶಿಕ್ಷೆಯಾಗಿ ಉಮೇದವಾರಿ ಇನ್ನಾರು ತಿಂಗಳು ಮುಂದುವರಿಯಿತು.

ಐದು ವಾರಕ್ಕೆ ಕಲ್ಕತ್ತೆಯಿಂದ ರೆಕಾರ್ಡು ಬಂತು. ಗುರುಸಿದ್ದಪ್ಪನವರು ಗ್ರಾಮಫೋನಿಗೆ ಹಾಕಿದಾಗ ಉಮಾಕಾಂತಣ್ಣ ಮೆಟ್ಟಿಲ ಮೇಲೆ ಹೋಗಿ ಕಿವಿ ಮುಚ್ಚಿ ಕೂತ. ಆಮೇಲೆ ಅವರು ಬಂದು ಪಕ್ಕದಲ್ಲಿ ಕೂತರು. ಕಣ್ಣು ಒದ್ದೆಯಾಗಿತ್ತಂತೆ.

"ಆ ಶುಕ್ರವಾರ ಗಡಿಯಾರ ನಿಲ್ಲಿಸಿದ್ದಿಲ್ಲೇನು?"

"ನಿಲ್ಲಿಸಿದ್ದೆ."

"ಇದರಾಗ ಬಡಿತೈತಿ," ಅಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಪ್ರತಿ ಗದಗಿಗೆ ಹೋಯಿತು. ಅನಸೂಯ ಕಾರ್ಡು ಬರೆದಳು. ಅವ್ವನ ಧ್ವನಿ ಕೇಳಿದೆ, ನನ್ನ ಧ್ವನಿ ಹಾಗೇ ಇದೆ, ನನಗೆ ಗೊತ್ತೇ ಇರಲಿಲ್ಲ ಅಂತ. ಆ ಕಾರ್ಡನ್ನು ಉಮಾಕಾಂತಣ್ಣ ಸಾಯುವವರೆಗೂ ಜೋಪಾನ ಮಾಡಿದ. ಇನ್ನೊಂದು ಪ್ರತಿ ಅವನ ಹತ್ತಿರ ಇತ್ತು, ಈಗ ಬಜಾಜ್ ನಗರದ ನಮ್ಮ ಮನೆಯಲ್ಲಿದೆ. ಅವನು ಅದನ್ನು ಒಮ್ಮೆಯೂ ಕೇಳಲಿಲ್ಲ. ಅವಳು ಬೇಡ ಅಂದದ್ದು ಆ ತಟ್ಟೆಯನ್ನು ಮಾತ್ರ, ರೆಕಾರ್ಡನ್ನಲ್ಲ ಅಂತ ನಾವೆಲ್ಲ ಹೇಳಿ ನೋಡಿದೆವು. ಯಾರಾದರೂ ಹಾಕಿದರೆ ಎದ್ದು ಹೊರಗೆ ಹೋಗುತ್ತಿದ್ದ.

ನಾನು ಹದಿನಾಲ್ಕು ವರ್ಷದವಳಿದ್ದಾಗ ಹಾಡು ಕಲಿಯುತ್ತಿದ್ದೆ. ಯಾವುದಾದರೂ ರೆಕಾರ್ಡು ಕೇಳಿ ಹಾಡನ್ನು ಬರೆದುಕೋ, ಹಾಡುವವರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕು ಅಂತ ನಮ್ಮ ಸಂಗೀತದ ಟೀಚರು ಹೇಳಿದ್ದರು. ನಾನು ಗೌರಮ್ಮನ ರೆಕಾರ್ಡು ಹಾಕಿದೆ. ಮೂರು ನಿಮಿಷ ಹತ್ತು ಸೆಕೆಂಡು. ಪೆನ್ಸಿಲ್ಲು ಹಿಡಿದು ಐದು ಸಲ ಕೇಳಿದೆ. ಕಡೆಗೆ ಅವಳ ಜೊತೆ ನಾನೂ ಉಸಿರು ಬಿಗಿಹಿಡಿದು ನೋಡಿದೆ, ಎರಡನೇ ನುಡಿ ದಾಟಲಾಗಲಿಲ್ಲ.

ಹೊರಗೆ ಬಂದಾಗ ಉಮಾಕಾಂತಣ್ಣ ಜಗಲಿಯ ಮೇಲೆ ಕೂತಿದ್ದ. ಮುಗಿಯಿತೇ ಅಂತ ಕೇಳಿದ. ಮುಗಿಯಿತು ಅಂದೆ. ಉಳಿದದ್ದನ್ನು ಅವನಿಗೆ ಯಾವತ್ತೂ ಹೇಳಲಿಲ್ಲ.

ಆ ಕಾಗದ ಇನ್ನೂ ರೆಕಾರ್ಡಿನ ಚೀಲದಲ್ಲೇ ಇದೆ. ನೀವು ನಂಬಿ, ಬಿಡಿ... ಬೇಕಾದರೆ ಬೆಳಗಾದ ಮೇಲೆ ತೆಗೆದು ನೋಡಿ. ನಾಲ್ಕು ನುಡಿಯನ್ನೂ ನನ್ನ ಕೈಯಾರೆ ಬರೆದಿದ್ದೇನೆ. ಪೆನ್ಸಿಲ್ಲಿನ ಗುರುತು ಒಂದೂ ಇಲ್ಲ.