ಸೊಣ್ಣಮ್ಮನ ಅರ್ಧ ಎಕರೆ

ದೆವ್ವ ಗಿವ್ವ ಎಲ್ಲ ಸುಳ್ಳು ಅನ್ನೋರು ಈಗಲೇ ಎದ್ದು ಹೋಗಿ ಮಲಗಿ. ನಡುವೆ ಬಾಯಿ ಹಾಕಿದ್ರೆ ನನಗೆ ಸಿಟ್ಟು ಬರುತ್ತೆ. ಇದು ನಮ್ಮ ದೊಡ್ಡಮ್ಮನ ಮಗಳು ವಾರಿಜಕ್ಕನಿಗೆ ಆಗಿದ್ದು... ಅರವತ್ತಮೂರನೇ ಇಸವಿ, ಕಾರ್ತೀಕದ ಅಮಾವಾಸ್ಯೆ.

ಕೊನೇ ಬಸ್ಸು ಅವಳನ್ನ ಕನಕಪುರ ರಸ್ತೇಲಿ ಇಳಿಸಿ ಹೋಯ್ತು. ಅಲ್ಲಿಂದ ಜರಗನಹಳ್ಳಿ ಹೊಲಗಳಿಗೆ ಆಗ ಬರೀ ಗಾಡಿ ಜಾಡು. ಒಂದು ಕೈಲಿ ಲಾಟೀನು, ಇನ್ನೊಂದರಲ್ಲಿ ಮೈಕ್ರೋಸ್ಕೋಪಿನ ಮರದ ಪೆಟ್ಟಿಗೆ. ಆಲದ ಮರ ದಾಟಬೇಕು... ಅದರ ಪಕ್ಕದಲ್ಲೇ ಹಾಳು ಬಾವಿ. ಬಾವಿಯ ರಾಟೆ ಕಿರ್ರ್... ಕಿರ್ರ್... ಅಂತಿತ್ತಂತೆ. ಗಾಳಿ ಒಂಚೂರೂ ಇರಲಿಲ್ಲ. ಅಕ್ಕ ತಿರುಗಿ ನೋಡದೆ ಮುಂದೆ ಹೋದಳು.

ಯಾಕೆ ಹೋಗಿದ್ದು ಅಂತೀರಾ? ಪೈರಿನ ರೋಗ ಪತ್ತೆ ಮಾಡೋ ಲ್ಯಾಬಲ್ಲಿ ಅವಳಿಗೆ ಕೆಲಸ. ಆ ವರ್ಷ ಊರ ರಾಗಿಗೆಲ್ಲ ಬೆಂಕಿ ರೋಗ ಬಡಿದಿತ್ತು. ಅದೊಂದು ಬೂಷ್ಟು, ಬಂತು ಅಂದ್ರೆ ಎಲೆ ಸುಟ್ಟ ಹಾಗೆ ಒಣಗುತ್ತೆ. ಇಡೀ ಬಯಲಲ್ಲಿ ಹಸಿರಾಗಿ ನಿಂತಿದ್ದು ಸೊಣ್ಣಮ್ಮನ ಅರ್ಧ ಎಕರೆ ಮಾತ್ರ. ಸೊಣ್ಣಮ್ಮ ಬಿತ್ತನೆ ಮಾಡಿದ ತಿಂಗಳಿಗೇ ಜ್ವರ ಬಂದು ಸತ್ತಿದ್ದಳು. ಕಳೆ ಕೀಳೋರೂ ಗತಿಯಿಲ್ಲದ ಹೊಲ ಅದು! ಎಲುಬಿಲ್ಲದ ನಾಲಿಗೆ ಸುಮ್ಮನಿರುತ್ತಾ? ತನ್ನ ಹೊಲ ಉಳಿಸಿಕೊಳ್ಳೋಕೆ ಮುದುಕಿ ರಾತ್ರಿ ಬಂದು ಊರ ಹೊಲಕ್ಕೆಲ್ಲ ರೋಗ ತಗುಲಿಸ್ತಾಳೆ ಅಂದರು. ಅಮಾವಾಸ್ಯೆ ಕಳೆದ ಬೆಳಗ್ಗೆ ಆ ಪೈರಿಗೆ ಬೆಂಕಿ ಇಡೋದು ಅಂತ ಅವಳ ಮೈದುನ ತಿಮ್ಮರಾಯಪ್ಪನೇ ತೀರ್ಮಾನ ಮಾಡಿದ.

ಅಕ್ಕನಿಗೆ ನಿಜ ಗೊತ್ತಿತ್ತು. ಅವರ ಲ್ಯಾಬಿಗೆ ಜರ್ಮನಿಯಿಂದ ಹೊಸ ಮೈಕ್ರೋಸ್ಕೋಪು ಬಂದಿತ್ತು. ಬಣ್ಣ ಹಾಕಿ ಕೊಲ್ಲದೇನೇ ಜೀವ ಇರೋ ಎಲೆಯ ಒಳಗನ್ನ ತೋರಿಸೋದು. ಎರಡು ಥರದ ಎಲೆಗೂ ಅದೇ ಬೂಷ್ಟು ಬಿಟ್ಟು ನೋಡಿದಳು. ಬೇರೆಯವರ ಎಲೇಲಿ ಬೂಷ್ಟಿನ ಎಳೆ ಒಂದು ಕೋಶ ತೂರಿ ಪಕ್ಕದ್ದಕ್ಕೆ, ಅಲ್ಲಿಂದ ಮುಂದಕ್ಕೆ ನುಗ್ಗುತ್ತಿತ್ತು. ಸೊಣ್ಣಮ್ಮನ ಎಲೇಲಿ ಹಾಗಲ್ಲ. ಎಳೆ ಚುಚ್ಚಿದ ತಕ್ಷಣ ಆ ಒಂದು ಕೋಶ ಕಂದು ಬಣ್ಣಕ್ಕೆ ತಿರುಗಿ ತಾನೇ ಸಾಯೋದು. ಸುತ್ತಲಿನವು ಗೋಡೆ ದಪ್ಪ ಮಾಡ್ಕೊಳ್ಳೋವು. ತಿನ್ನೋಕೆ ಏನೂ ಸಿಗದೆ ಬೂಷ್ಟು ಅಲ್ಲೇ ಒಣಗೋದು.

ಅದಕ್ಕೂ ಮುಂಚೆ ಒಂದಿನ ಹಗಲಲ್ಲಿ ಹೋಗಿ ತಿಮ್ಮರಾಯಪ್ಪನಿಗೆ ಇದನ್ನೆಲ್ಲ ಹೇಳಿದಳು. ಆತ ಕೂರಿಸಿ ಹಾಲು ಕೊಟ್ಟು, ನಿಮ್ಮ ಗಾಜಲ್ಲಿ ಕಂಡದ್ದು ನಿಮಗೆ ಅಮ್ಮಣ್ಣಿ, ನಮ್ಮ ಹೊಲ ಸುಟ್ಟದ್ದು ನಮಗೆ ಅಂದನಂತೆ. ಲ್ಯಾಬಿನ ದೊಡ್ಡವರು ಊರವರ ಜತೆ ಜಗಳ ಬೇಡ ಅಂದರು. ಅವಳ ಅಪ್ಪ, ನಮ್ಮ ಶಾಮಣ್ಣ ದೊಡ್ಡಪ್ಪ ಅಂತೂ ಬಾಗಿಲಿಗೇ ಅಡ್ಡ ನಿಂತರು. ಅವಳು ಕಿವಿ ಮೇಲೆ ಹಾಕ್ಕೊಂಡ್ರೆ ತಾನೆ! ಒಂದು ಹಿಡಿ ತೆನೆ ಕದ್ದು ತಂದಿದ್ರೆ ಸಾಕಿತ್ತಲ್ವಾ ಅಂತ ನಾನೂ ಕೇಳಿದ್ದೆ. "ಕದ್ದ ಬೀಜನ ಆ ಊರಲ್ಲಿ ಯಾರು ಬಿತ್ತುತಾರೆ? ಸತ್ತವಳನ್ನ ಮಾರಿ ಅಂದರಲ್ಲೇ, ಸುಡಬೇಕಾದ್ದು ಆ ಮಾತು," ಅಂದಳು.

ಹಾಗಾಗಿ ರಾತ್ರಿಯೇ ಹೋಗಿ ಹೊಲದ ಬದುವಿನ ಮೇಲೆ ಕೂತಳು. ಬೆಂಕಿ ಇಡೋದಾದ್ರೆ ನಾನು ಇಲ್ಲೇ ಇರೋವಾಗ ಇಡಲಿ ಅಂತ. ಲಾಟೀನು ಚಟ್... ಚಟ್... ಅಂತಿತ್ತು. ಆಗ ಬೆನ್ನ ಹಿಂದೆ ಪಿಸುಮಾತು...

"ಮೆಟ್ಟು ಬಿಟ್ಟು ಕೂತ್ಕೊ ಮಗಾ. ಪೈರು ನಿಂತೈತೆ."

ತಲೆ ಮೇಲೆ ಸೆರಗು ಹೊದ್ದ ಮುದುಕಿ. ಹೆಜ್ಜೆ ಸದ್ದೇ ಆಗಿರಲಿಲ್ಲ. ಸೊಣ್ಣಮ್ಮನನ್ನ ಅಕ್ಕ ಎಂದೂ ನೋಡಿದವಳಲ್ಲ. ಊರವಳು ಯಾರೋ, ಬೇಹುಗಾರಿಕೆಗೆ ಬಂದಿದ್ದಾಳೆ ಅಂದ್ಕೊಂಡಳು. ಚಪ್ಪಲಿ ಬಿಟ್ಟಳು. ಸುಡೋಕೆ ಮೊದಲು ಇಲ್ಲಿ ನೋಡಿ ಹೋಗಿ ಅಜ್ಜಿ, ಅಂತ ಹಟ ಹಿಡಿದು ಪೆಟ್ಟಿಗೆ ತೆಗೆದಳು. ಅದು ಹಳೇ ಮೈಕ್ರೋಸ್ಕೋಪು, ಕೆಳಗೆ ಕನ್ನಡಿ ಇರೋದು. ಎಲೆಯ ಸಿಪ್ಪೆ ತೆಳ್ಳಗೆ ಸುಲಿದು ಗಾಜಿಗೆ ಅಂಟಿಸಿ, ಕನ್ನಡೀನ ಲಾಟೀನಿನ ಕಡೆ ತಿರುಗಿಸಿದಳು. ಚಳಿಗೆ ಅಕ್ಕನ ಉಸಿರು ತಾಗಿ ಕಣ್ಣಿಡೋ ಮೇಲಿನ ಗಾಜು ಮಂಜಾಯ್ತು. ಸೆರಗಲ್ಲಿ ಒರೆಸಿ ಜಾಗ ಬಿಟ್ಟಳು. ಮುದುಕಿ ಬಗ್ಗಿ ಕಣ್ಣಿಟ್ಟು ತುಂಬಾ ಹೊತ್ತು ನೋಡಿದಳು...

ಗಾಜು ಮಂಜಾಗಲೇ ಇಲ್ಲ.

"ಒಳಗೆ ನಾನಿಲ್ವಲ್ಲ ಮಗಾ..." ಅಂದಳು.

ಅದು ಯಾರು ಅಂತ ಅಕ್ಕನಿಗೆ ಆಗ ಗೊತ್ತಾಯ್ತು. ಆದ್ರೂ ಏಳಲಿಲ್ಲ. "ಇಲ್ಲ. ನೀವು ಏನೂ ಮಾಡಿಲ್ಲ. ಪೈರು ತನ್ನನ್ನ ತಾನೇ ಕಾಯ್ತಿದೆ."

"ಹಂಗಾದ್ರೆ ಸುಡಾಕೆ ಬಿಡಬ್ಯಾಡ."

"ಬಿಡಲ್ಲ."

ಲಾಟೀನು ಆರಿತು... ಕತ್ತಲಲ್ಲಿ ಕರಕ್... ಕರಕ್... ಕುಡುಗೋಲಿನ ಸದ್ದು. ಆ ಬದುವಿನಿಂದ ಈ ಬದುವಿಗೆ. ಅಕ್ಕ ಪೆಟ್ಟಿಗೆ ತಬ್ಬಿಕೊಂಡು ಬೆಳಗಿನ ತನಕ ಕೂತೇ ಇದ್ದಳು. ಹೆದರಿಕೆ ಆಗಲಿಲ್ವಾ ಅಂದ್ರೆ, ಆಗ್ದೆ ಏನು ಕಣೆ, ಆದ್ರೆ ಬಿಡಲ್ಲ ಅಂದ್ಬಿಟ್ಟಿದ್ನಲ್ಲ ಅನ್ನೋಳು.

ಬೆಳಗ್ಗೆ ಸೀಮೆಎಣ್ಣೆ ಡಬ್ಬ ಹಿಡ್ಕೊಂಡು ತಿಮ್ಮರಾಯಪ್ಪ ಜನದ ಸಮೇತ ಬಂದ. ಹೊಲ ಪೂರ್ತಿ ಕುಯ್ಲಾಗಿತ್ತು. ಕಂತೆಗಳು ಬದುವಿನ ಮೇಲೆ ಸಾಲಾಗಿ ಕೂತಿದ್ದವು. ಪಟ್ಟಣದವಳು ಕೂಲಿಯೋರನ್ನ ಕರೆಸಿದ್ದಾಳೆ ಅಂತ ಯಾರೋ ಗೊಣಗಿದರು. ತಿಮ್ಮರಾಯಪ್ಪ ಕುಕ್ಕರುಗಾಲಲ್ಲಿ ಕೂತು, ಕುಯ್ದು ಉಳಿದ ಕೂಳೆ ಮೇಲೆ ಕೈ ಆಡಿಸಿದ. ಇನ್ನೊಂದು ಸಾಲಿಗೆ ಹೋಗಿ ಅಲ್ಲೂ ಕೈ ಆಡಿಸಿದ. ಮೆಲ್ಲಗೆ ಚಪ್ಪಲಿ ಬಿಟ್ಟ.

"ಇದನ್ನ ಸುಡ್ತೀರೋ, ಬಿತ್ತುತೀರೋ?" ಅಕ್ಕ ಕೇಳಿದಳು.

ಆತ ಡಬ್ಬ ವಾಪಸ್ಸು ಕಳಿಸಿದ. ಮುಂದಿನ ಮಳೆಗೆ ಆ ಬೀಜ ಮೊದಲು ಬಿದ್ದಿದ್ದು ಅವನ ಹೊಲಕ್ಕೇ.

ಕೂಳೇಲಿ ಏನು ಕಂಡ ಅಂತೀರಾ? ಬಲಗೈಲಿ ಕುಯ್ದ್ರೆ ಕೂಳೆ ಒಂದು ಕಡೆಗೆ ಓರೆ ಇರುತ್ತೆ. ಅಲ್ಲಿ ಅಷ್ಟೂ ಇನ್ನೊಂದು ಕಡೆಗೆ ಓರೆ ಇತ್ತು. ನಮ್ಮಕ್ಕ ಕುಡುಗೋಲು ಮುಟ್ಟಿದವಳೇ ಅಲ್ಲ. ಆ ಊರಲ್ಲಿ ಎಡಗೈಲಿ ಕುಯ್ಯೋಳು ಸೊಣ್ಣಮ್ಮ ಒಬ್ಬಳೇ ಇದ್ದಿದ್ದು. ನನ್ನ ಮಾತು ಸುಳ್ಳು ಅನ್ನೋ ಹಾಗಿದ್ರೆ ತ್ಯಾಗರಾಜನಗರಕ್ಕೆ ಹೋಗಿ ಅಕ್ಕನ ಮುಖ ನೋಡ್ಕೊಂಡು ಅನ್ನಿ.