ಮೋಡವಿಲ್ಲದ ಮಳೆ

೧೯೮೮ರ ಜೂನ್ ೧೪, ಮಂಗಳವಾರ. ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟದ ಬಸ್ಸಿಗೆ ಹನ್ನೊಂದು ಮಂದಿ ಕಾದಿದ್ದರು. ಬೇರೆ ಬಸ್ಸಿನಲ್ಲಿ ಗೌರಿಬಿದನೂರಿಗೆ ಹೊರಟಿದ್ದ ನಿವೃತ್ತ ಗಣಿತದ ಮೇಷ್ಟರು ಪುಟ್ಟಸ್ವಾಮಯ್ಯನವರ ಪಕ್ಕದಲ್ಲೇ ಗಂಡಹೆಂಡಿರಿಬ್ಬರು ನಿಂತಿದ್ದರು. ಒಗಟಿನ ಪುಸ್ತಕ ಬರೆದವರೊಬ್ಬರು ಬೆಟ್ಟದಡಿಯ ಹಳ್ಳಿ ಕಳವಾರದಲ್ಲಿ ಅಡಗಿಸಿಟ್ಟು, ಸುಳಿವನ್ನು ಆ ಪುಸ್ತಕದಲ್ಲೇ ಕೊಟ್ಟು, ಸೀಮೆಯ ಜನರನ್ನೆಲ್ಲ ವರ್ಷವಿಡೀ ಅಲೆಸಿದ್ದ ಬೆಳ್ಳಿಯ ರೇಷ್ಮೆಗೂಡು ಆ ಹೆಂಡತಿಯ ಅಂಗೈಯಲ್ಲಿತ್ತು.

“ನಾನು ಬೆಟ್ಟವೆಲ್ಲ ಅಗೆದೆನಲ್ಲೇ ಪಂಕಜ.”

“ಒಳಗೆ ಮಳೆಯ ಸದ್ದು, ನೆಲ ಮಾತ್ರ ಒಣಗಿದೆ ಅಂತ ಬರೆದಿದ್ರೆ ಬೆಟ್ಟ ಅಗೀತಾರೇನ್ರೀ? ರೇಷ್ಮೆಹುಳ ಸೊಪ್ಪು ಮೇಯೋ ಸದ್ದು ಅದು. ಹುಳದ ಮನೇಲೇ ಇಟ್ಟಿದ್ರು. ನಮ್ಮ ಅನಂತು ಮನೆಗೆ ಹೋಗಿ ಬರ್ತಿದ್ದಿದ್ರೆ ನಿಮಗೂ ಹೊಳೀತಿತ್ತು.”

“ನಿನ್ನ ತಮ್ಮ ಬಾಗಿಲಲ್ಲೇ ತಡೆದ ಕಣೇ, ಭಾವ ಅಂತಲೂ ನೋಡದೆ.”

“ನಶ್ಯ ಏರಿಸ್ಕೊಂಡು ಹೋಗಿದ್ರಿ. ಹೊಗೆಸೊಪ್ಪಿನ ಘಾಟಿಗೆ ಹುಳ ಸಾಯ್ತವೆ. ಅದಕ್ಕೆ ಆರು ವರ್ಷ ಮಾತು ಬಿಡೋದಾ?”

“ಈಗ ಹೊರಟಿದೀನಲ್ಲ?”

“ನಾನು ಗೂಡು ಹುಡುಕಿದ್ರೆ ನೀವೇ ಹೋಗಿ ಅವನನ್ನ ಮಾತಾಡಿಸ್ತೀನಿ ಅಂದಿದ್ರಿ, ಅದಕ್ಕೆ ಹೊರಟಿದೀರಿ.”

“ನೀನು ಹುಡುಕ್ತೀಯ ಅಂತ ಯಾರಿಗೆ ಗೊತ್ತಿತ್ತು?”

“ನನಗೆ ಗೊತ್ತಿತ್ತು.”

ಬಸ್ಸು ಬಂದಿತು. ಗಂಡನು ಜೇಬಿನಿಂದ ನಶ್ಯದ ಡಬ್ಬಿಯನ್ನು ತೆಗೆದು, “ನೀವೇ ಇಟ್ಕೊಳ್ಳಿ ಸ್ವಾಮಿ” ಎಂದು ಪುಟ್ಟಸ್ವಾಮಯ್ಯನವರ ಕೈಗಿತ್ತು, ಕೊಟ್ಟ ಮಾತನ್ನು ತೀರಿಸಲು ಹೆಂಡತಿಗಿಂತ ಮೊದಲೇ ಹತ್ತಿದನು.