ಕರಿಬಸವ ಮಾವ ಕೊಯ್ದ ಗಂಟು

ಲೈಟ್ ಆರಿಸಬ್ಯಾಡ್ರಿ, ಇರಲಿ. ಇದು ನಮ್ಮ ಚಿಕ್ಕಪ್ಪನ ಮಗಳು ಅಕ್ಷಿತಾಗ ಆಗಿದ್ದು. ನಾನೂ ಅಲ್ಲೇ ಇದ್ದೆ.

ನಮ್ಮೂರು ದೇಶನೂರಾಗ, ರಾತ್ರಿ ಒಂದು ಗಂಟಿ. ಹಳೇ ರೈಸ್ ಮಿಲ್ಲಿಂದ ಇಬ್ರೂ ಮನಿಗೆ ಹೊಂಟಿದ್ವಿ. ಬಾವಿ ದಾಟೋವಾಗ ಆಕಿ ನನ್ನ ತೋಳು ಹಿಡಿದ್ಲು.

“ಅಣ್ಣಾ... ಕೇಳಸ್ತೇನು?”

ಕೇಳಿಸ್ತು. ಸರ್ರ್... ಸರ್ರ್... ಯಾರೋ ಹಿಂದ ಕಸಬರಗಿ ಎಳದಂಗ. ನಾವು ನಿಂತ್ರ ಅದೂ ನಿಲ್ತಿತ್ತು.

“ಹಿಂದ ನೋಡಬ್ಯಾಡ. ನಡಿ,” ಅಂದೆ.

ಅಷ್ಟೊತ್ತಿನಾಗ ಮಿಲ್ಲಿನಾಗ ಏನು ಕೆಲಸ ಅಂತೀರಿ? ಅಕ್ಷಿತಾ ಬಳ್ಳಾರಿಯಾಗ ಗಾಲಿ ಸ್ಕೇಟಿಂಗ್ ಕಲ್ತಾಕಿ. ಮಂಜುಗಡ್ಡಿ ಮ್ಯಾಲ ಆಡ್ತಾರಲ್ಲ, ಐಸ್ ಹಾಕಿ ಆಟ, ಅದರ ಕ್ಯಾಂಪಿಗೆ ಹೆಸರು ಬಂದಿತ್ತು. ಕಾಲಿನ ವೇಗ ಸಾಲದು, ಇಪ್ಪತ್ತು ದಿನದಾಗ ಏರಿಸ್ಕೊಂಡು ಬಾ, ಇಲ್ಲಾಂದ್ರ ಬ್ಯಾರೆ ಹುಡುಗೀನ ತಗೋತೀವಿ ಅಂದಿದ್ರು ಕೋಚ್. ನಮ್ಮ ಕಡಿ ಐಸ್ ಅಂದ್ರ ಐಸ್‌ಕ್ಯಾಂಡಿ ಡಬ್ಬ್ಯಾಗಷ್ಟೇ!

ಆಕಿ ಸೋದರಮಾವ ಕರಿಬಸವ, ಮಿಲ್ ಮೆಕ್ಯಾನಿಕ್. ಫೋನಿನಾಗ ಸ್ಕೇಟಿಂಗ್ ಟ್ರೆಡ್‌ಮಿಲ್ ನೋಡಿದ. ಓಡೋ ಬೆಲ್ಟಿಗೆ ಐಸಿನಂಗ ಜಾರೋ ಬಿಳಿ ಪ್ಲಾಸ್ಟಿಕ್ ಪಟ್ಟಿ. ಅದರ ಮ್ಯಾಲ ಸ್ಕೇಟ್ ಹಾಕ್ಕೊಂಡು ನಿಂತಲ್ಲೇ ಜಾರೂದು. ಬೀಳದಂಗ ಸೊಂಟಕ್ಕ ಮ್ಯಾಲಿಂದ ಹಗ್ಗ. ಎಂಟು ವರ್ಷದಿಂದ ಮುಚ್ಚಿದ ಆ ಮಿಲ್ಲಿನಾಗ ಒಂದು ಮಾಡೇಬಿಟ್ಟ. ಪಂಪ್‌ಸೆಟ್ಟಿಗೆ ಬಿಡೋ ತ್ರೀ ಫೇಸ್ ಕರೆಂಟ್ ಬರೋದು ರಾತ್ರಿ ಹತ್ತರ ಮ್ಯಾಲ. ಹಿಂಗಾಗಿ ರಾತ್ರಿನೇ ಪ್ರಾಕ್ಟೀಸ್.

ಬೆಲ್ಟ್ ಮಾತ್ರ ಮಿಲ್ಲಿನ ಹಳೇದು. ಅದಕ್ಕೊಂದು ಹಸಿರು ಸೀರಿ ಚೂರು ಗಂಟು ಹಾಕಿತ್ತು. ಮೂಕಮ್ಮನ ಸೀರಿ. ಮಿಷನ್ನಿನ ಕೆಳಗ ತೌಡು ಗುಡಿಸ್ತಿದ್ದಾಕಿ, ಸೆರಗು ಆ ಬೆಲ್ಟಿಗೇ ಸಿಕ್ಕೊಂಡು ಸತ್ತಳು. ಜೀವ ತಗೊಂಡ ಬೆಲ್ಟ್ ಮತ್ತ ತಿರುಗಬಾರದು ಅಂತ ಹಮಾಲರು ಕಟ್ಟಿದ ಗಂಟು ಅದು. ಮಾವಗ ಗೊತ್ತಿತ್ತು! ಆದ್ರೂ ರೋಲರಿಗೆ ಟಪ್... ಟಪ್... ಬಡೀತೈತಿ ಅಂತ ಚಾಕುಲೆ ಕೊಯ್ದು ಒಲಿಗೆ ಹಾಕಿದ. ನೆನೆಸ್ಕೊಂಡ್ರ ಇವತ್ತಿಗೂ ನನ್ನ ಮೈ ಉರೀತೈತಿ. ಬಾವಿ ಹತ್ರ ಆ ಸದ್ದು ಕೇಳಿದ್ದು ಅವತ್ತೇ ರಾತ್ರಿ.

ಹೇಳಿದ್ರ ಮಾವ ನಕ್ಕ. ಆಕಿನೂ ಬಿಡಲಿಲ್ಲ. “ಇನ್ನ ನಾಕು ದಿನ ಅಣ್ಣಾ,” ಅಂದ್ಲು.

ಕ್ಯಾಂಪಿಗೆ ಹೊರಡೋ ಹಿಂದಿನ ರಾತ್ರಿ. ಮಾವ ವೇಗ ಏರಿಸಿದ. ಸುಂಯ್... ಸುಂಯ್... ಎಷ್ಟು ಚಂದ ಜಾರ್ತಿದ್ಲು ಹುಡುಗಿ! ಗೆದ್ದಳು ಅಂದ್ಕೊಂಡೆ.

ಆಗ... ಟಪ್.

ಬೆಲ್ಟಿಗೆ ಗಂಟಿಲ್ಲ. ಟಪ್... ಟಪ್...

“ಮಾವಾ, ನಿಲ್ಸು,” ಅಂದ್ಲು, ಸಣ್ಣ ದನಿಲೆ. “ಯಾರೋ ಕಾಲು ಹಿಡದಾರ.”

ಮಾವ ಸ್ವಿಚ್ ಇಳಿಸಿದ. ನಿಲ್ಲಲಿಲ್ಲ. ಫ್ಯೂಸ್ ಕಿತ್ತ. ಕತ್ತಲಾತು... ಬೆಲ್ಟ್ ಓಡ್ತಾನೇ ಇತ್ತು. ಕಟಕ್ ಅಂತು. ಆಮ್ಯಾಲ ಆಕಿ ಚೀರಿದ್ಲು.

ಫೋನಿನ ಬೆಳಕು ಬಿಟ್ರ, ಹಗ್ಗದಾಗ ಜೋತಾಡಾಕತ್ತಿದ್ಲು. ಎಡಗಾಲು ಹಿಂದಕ್ಕ ತಿರುಗಿತ್ತು.

ಬಳ್ಳಾರಿ ಆಸ್ಪತ್ರ್ಯಾಗ ನಾಕು ಸ್ಕ್ರೂ ಹಾಕಿದ್ರು. ಕ್ಯಾಂಪಿಗೆ ಬ್ಯಾರೆ ಹುಡುಗಿ ಹೋದ್ಲು. ಅಕ್ಷಿತಾ ಮೂರು ದಿನ ಗೋಡಿ ಕಡಿ ತಿರುಗಿ ಮಲಗಿದ್ಲು. ಮಾವನ ಮುಖ ಇವತ್ತಿಗೂ ನೋಡಂಗಿಲ್ಲ.

ನಂಬ್ರಿ, ಬಿಡ್ರಿ. ಆ ರಾತ್ರಿ ನರ್ಸು ಲೇಸ್ ಕತ್ತರಿಸಿ ಸ್ಕೇಟ್ ಬಿಚ್ಚೋವಾಗ ಆಕಿ ಕಾಲು ಹಿಡ್ಕೊಂಡು ನಿಂತಾಂವ ನಾನು. ಒಳಗಿಂದ ಒಂದು ಹಿಡಿ ತೌಡು ನನ್ನ ಕೈಯಾಗ ಸುರೀತು. ಎಂಟು ವರ್ಷ ಭತ್ತ ಕಾಣದ ಮಿಲ್ಲು ಅದು... ತೌಡು ಆಗಷ್ಟೇ ಮಿಷನ್ನಿಂದ ಬಿದ್ದಂಗ ಬಿಸಿ ಇತ್ತು.